ಜೀಪನ್ನು ಸೋಲಿಸಿದ ಊರು

ಜೆಲಗಾಟ್ ಸೋರೆಬುರುಡೆಯ ಒಳಮೈಗೆ ಕೊಳ್ಳಿಯ ತುದಿ ಉಜ್ಜುತ್ತಿದ್ದಳು. ಹಾಲು ಹುಳಿಗಿಡುವ ಮೊದಲು ಬುರುಡೆಗೆ ಮಸಿ ಹಿಡಿಸಬೇಕು. ಅಷ್ಟರಲ್ಲಿ ಮಗಳು ಜೆರೊಟಿಚ್ ಓಡಿಬಂದು, ವಾರ್ಡಿನ ಸದಸ್ಯರು ಜೀಪಿನಲ್ಲಿ ಬಂದಿದ್ದಾರೆ, ಎಲ್ಲರನ್ನೂ ಮರದಡಿಗೆ ಕರೆಯುತ್ತಿದ್ದಾರೆ ಎಂದಳು. ತುಂಬು ಬಸುರಿ ಜೆಲಗಾಟ್ ಮಗಳ ಹೆಗಲು ಹಿಡಿದು ಎದ್ದಳು. ಊರಿಗೆ ಆಂಬುಲೆನ್ಸ್ ಬರುವುದೋ ಇಲ್ಲವೋ ಇವತ್ತು ತೀರ್ಮಾನ. ಆಸ್ಪತ್ರೆ ಕಣಿವೆಯ ಆಚೆ. ಹಿಂದಿನ ಹೆರಿಗೆಗೆ ಕತ್ತೆಗಾಡಿಯಲ್ಲಿ ಕುಲುಕಿಕೊಂಡು ಹೋದದ್ದನ್ನು ಅವಳ ಸೊಂಟ ಇನ್ನೂ ಮರೆತಿರಲಿಲ್ಲ.

ಸದಸ್ಯ ಚೆಬೊಯಿ ಹೊಟ್ಟೆ ಮುಂದೆ ಮಾಡಿ ಮಾತು ತೆಗೆದರು. ಚೀತಾ ಓಟಕ್ಕೆ ಹೆಸರುವಾಸಿಯಂತೆ, ಆದರೆ ಸ್ವಲ್ಪ ಹೊತ್ತಿಗೇ ಏದುಸಿರು ಬಿಡುತ್ತದಂತೆ. ಜಿಂಕೆ ಬಿಸಿಲಿಗೆ ಸೋಲುತ್ತದಂತೆ. ದೂರದ ಓಟವಾದರೆ ಕುದುರೆಯೂ ಮನುಷ್ಯನ ಹಿಂದೆಯಂತೆ. ಅದರಲ್ಲೂ ಈ ನಮ್ಮ ಎಲ್ಗೆಯೊ ಬೆಟ್ಟದವರ ಕಾಲೆಂದರೆ ಲೋಕವೇ ಕೈಮುಗಿಯುತ್ತದೆ. ಜನ ಉಬ್ಬಿಹೋದರು. ಪದಕ ಗೆದ್ದ ನೆಂಟನಿಲ್ಲದ ಮನೆ ಆ ಊರಲ್ಲಿರಲಿಲ್ಲ. ಇಲ್ಲದವರು ನೆಂಟಸ್ತನ ಹುಡುಕಿಕೊಂಡಿದ್ದರು.

ಜೆರೊಟಿಚ್ ಏನೋ ಕೇಳಲು ಬಾಯಿ ತೆರೆದಳು. ದೊಡ್ಡವರು ಮಾತಾಡುತ್ತಿದ್ದಾರೆ ಕೂಸೇ ಎಂದು ತಾಯಿ ತಲೆ ಸವರಿದಳು.

"ಏರಿನ ಮೇಲಿನ ಚರ್ಚಿನವರೆಗೆ ನನ್ನ ಜೀಪಿನ ಜತೆ ಓಡೋರು ಯಾರಿದೀರಪ್ಪಾ?" ಎಂದರು ಸದಸ್ಯರು. ಮುಂದೆ ಬಂದವನು ಬೇರೆ ಯಾರೂ ಅಲ್ಲ, ಜೆಲಗಾಟಳ ಗಂಡ ಕಿಮೊಸೊಪ್. ಬೇಡವೆಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ಅದನ್ನು ಹಾರೈಕೆ ಎಂದುಕೊಂಡು ಅಂಗಿ ಬಿಚ್ಚಿದ.

ಹಿಂದಿನ ದಿನದ ಮಳೆಗೆ ಕೆಮ್ಮಣ್ಣಿನ ಏರು ಬೆಣ್ಣೆಯಾಗಿತ್ತು. ಜೀಪು ಮೊದಲ ತಿರುವಿನಲ್ಲೇ ಹೂತುಕೊಂಡು ಹುಯಿಲಿಟ್ಟಿತು. ಕಿಮೊಸೊಪ್ ಚರ್ಚು ಮುಟ್ಟಿ ವಾಪಸು ಬಂದು, ಜೀಪನ್ನು ತಳ್ಳುವುದಕ್ಕೂ ಹೆಗಲು ಕೊಟ್ಟ.

ಸೋತ ಸದಸ್ಯರ ಮುಖದಲ್ಲಿ ಕೆಸರಿತ್ತೇ ಹೊರತು ಬೇಸರವಿರಲಿಲ್ಲ. "ನೋಡಿದ್ರಾ? ಈ ದಾರೀಲಿ ಗಾಡಿಗಿಂತ ಮನುಷ್ಯನೇ ಜೋರು. ಆಂಬುಲೆನ್ಸ್ ಕೊಟ್ಟು ಇಂಥಾ ಜನಕ್ಕೆ ಅವಮಾನ ಮಾಡ್ಲಾ? ಮನೆಗೊಂದು ಜೊತೆ ಓಟದ ಶೂ ಕೊಡ್ತೀನಿ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕಿಮೊಸೊಪ್. ಜೆಲಗಾಟಳ ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಜೆರೊಟಿಚ್ ಮತ್ತೆ ಬಾಯಿ ತೆರೆದಾಗ ತಾಯಿ ತಡೆಯಲಿಲ್ಲ. ಮೆಲ್ಲಗೆ ಮುಂದಕ್ಕೆ ನೂಕಿದಳು.

"ಅಜ್ಜಾ," ಎಂದಳು ಹುಡುಗಿ, "ನೋವು ಬಂದ ದಿನ ಆ ಶೂ ಹಾಕ್ಕೊಂಡು ಓಡ್ಬೇಕಾದ್ದು ಯಾರು? ಅಮ್ಮನಾ, ಪಾಪುನಾ?"