ದೋಣಿಯೊಳಗಿದ್ದ ಮೇಷ್ಟ್ರು

ಟೈಲರಮ್ಮ ಹಿತ್ತಲಿನ ಶೆಡ್ಡಿನಲ್ಲಿ ಕಯಾಕ್ ದೋಣಿ ಕಟ್ಟುತ್ತಿದ್ದಾರೆಂಬ ಸುದ್ದಿ ಬೀದಿಗೆಲ್ಲ ಹರಡಿದ್ದು ಅವರ ಗಂಡನ ಬಾಯಿಂದಲೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಷ್ಟ್ರು ತರಗತಿಯಲ್ಲಿ ಎಷ್ಟು ಬಿಗಿಯೋ ಕ್ಷೌರದಂಗಡಿಯ ಬೆಂಚಿನ ಮೇಲೆ ಅಷ್ಟೇ ಸಡಿಲ. ಸಂಜೆ ನಾಲ್ಕು ಜನ ಸೇರಿದರೆ ಸಾಕು, "ನಮ್ಮನೆ ಹಡಗು ಎಲ್ಲಿಗೆ ಬಂತು ಗೊತ್ತಾ?" ಎಂದು ಶುರು ಹಚ್ಚಿಕೊಳ್ಳುವರು. ಒಂದು ದಿನ ಅದು ದನಕ್ಕೆ ನೀರಿಡುವ ಬಾನಿ, ಇನ್ನೊಂದು ದಿನ ಕಾಲು ಮುರಿದ ಮಂಚ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ಮೇಷ್ಟ್ರಿಗೆ ಅದೊಂದು ಚಟವೇ ಆಗಿಹೋಗಿತ್ತು.

ಟೈಲರಮ್ಮ ಕಟ್ಟುತ್ತಿದ್ದದ್ದು ಒಬ್ಬರೇ ಕಾಲು ಚಾಚಿ ಕೂತು ಹೋಗುವ ಸಪೂರ ದೋಣಿ. ಕೂರಲು ಮಧ್ಯೆ ಒಂದು ಕಿಂಡಿ, ಉಳಿದಂತೆ ಮೇಲೆಲ್ಲ ಮುಚ್ಚಿಗೆ. ತೆಳು ಪ್ಲೈವುಡ್ಡನ್ನು ಅಂಗಿ ಕತ್ತರಿಸಿದ ಹಾಗೆ ಕತ್ತರಿಸಿ, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅಂಟು ಬಳಿದಿದ್ದರು. ಇಷ್ಟು ವರ್ಷ ಊರವರ ಅಳತೆಗೆ ಹೊಲಿದ ಕೈ ಮೊದಲ ಸಲ ತನ್ನದೇ ಸೊಂಟಕ್ಕೆ ಟೇಪು ಸುತ್ತಿಕೊಂಡಿತ್ತು.

ಬಣ್ಣ ಆದ ಮೇಲೆ ಉಳಿದದ್ದು ಹಗ್ಗ ಮತ್ತು ಕೊಂಡಿಗಳ ಕೆಲಸ. ಮುಚ್ಚಿಗೆಯ ಅಂಚಿನುದ್ದಕ್ಕೂ ಸ್ಟೀಲಿನ ಕೊಂಡಿಗಳನ್ನು ಬೋಲ್ಟು ಹಾಕಿ ಕೂರಿಸಬೇಕು. ಅವುಗಳೊಳಗೆ ಹಗ್ಗ ಪೋಣಿಸಬೇಕು. ದೋಣಿ ಮಗುಚಿದರೆ ನೀರಿಗೆ ಬಿದ್ದವರು ಹಿಡಿದುಕೊಳ್ಳುವುದು ಆ ಹಗ್ಗವನ್ನೇ. ಮೇಲಿನಿಂದ ಸ್ಕ್ರೂ ತಿರುಗಿಸುವಾಗ ಒಳಗಿನಿಂದ ನಟ್ಟು ಹಿಡಿಯಲು ಇನ್ನೊಬ್ಬರು ಬೇಕು. ದೋಣಿಯ ಚೂಪು ಮೂತಿಯ ಕಡೆಗೆ ಟೈಲರಮ್ಮನ ಗಿಡ್ಡ ಕೈ ಎಟುಕಲಿಲ್ಲ.

"ರೀ, ಭಾನುವಾರ ಸ್ವಲ್ಪ ಒಳಗೆ ತೂರಿಕೊಳ್ತೀರಾ? ನಿಮ್ಮ ಕೈ ಉದ್ದ ಇದೆ" ಎಂದರು.

"ನಾಲಿಗೆನೂ ಉದ್ದ ಇದೆ ಅಂತೀಯಲ್ಲ ಯಾವಾಗಲೂ" ಎಂದು ಮೇಷ್ಟ್ರು ನಕ್ಕರು. ಟೈಲರಮ್ಮನೂ ನಕ್ಕರು.

ಭಾನುವಾರ ದೋಣಿಯನ್ನು ಮಡಚಿದ ಕಂಬಳಿಗಳ ಮೇಲೆ ಇಳಿಸಿದರು. ಮೇಷ್ಟ್ರು ಬಣ್ಣ ಮೆತ್ತಿದ ಹಳೇ ಪ್ಯಾಂಟು ಹಾಕಿಕೊಂಡು, ಬಾಯಲ್ಲಿ ಟಾರ್ಚು ಕಚ್ಚಿ, ಕಿಂಡಿಯಿಂದ ತಲೆಮುಂದಾಗಿ ಮೂತಿಯತ್ತ ತೂರಿದರು. ಸೊಂಟದವರೆಗೆ ಒಳಗೆ, ಎರಡು ಕಾಲು ಮಾತ್ರ ಹೊರಗೆ. ಅಂಟಿನ ವಾಸನೆ ಮೂಗಿಗೆ ಅಡರಿತು. ಮೇಲಿನಿಂದ ಹೆಂಡತಿ ಬೆರಳಲ್ಲಿ ಟಕಟಕ ಬಡಿದರೆ ಇವರು ವಾಷರ್ ಏರಿಸಿ, ನಟ್ಟು ಕೂರಿಸಿ, ಸ್ಪ್ಯಾನರಿನಲ್ಲಿ ಬಿಗಿ ಹಿಡಿಯುವರು. ಕೆಲಸ ಚೆನ್ನಾಗಿಯೇ ಸಾಗಿತ್ತು.

ಆಗ ಶೆಡ್ಡಿನ ಬಾಗಿಲಲ್ಲಿ ಕ್ಷೌರದಂಗಡಿಯವನ ದನಿ ಕೇಳಿಸಿತು. ಜೊತೆಗೆ ಸೈಕಲ್ ಶಾಪಿನವನೂ ಇದ್ದ.

"ಟೈಲರಮ್ಮಾ, ಈ ಪ್ಯಾಂಟು ಒಂಚೂರು ಗಿಡ್ಡ ಮಾಡಿಕೊಡಬೇಕಿತ್ತು. ಓ, ಇದೇನಾ ಹಡಗು! ಮೇಷ್ಟ್ರು ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿಬಿಟ್ಟಿದೆ."

"ಏನು ಹೇಳಿದ್ರು?" ಟೈಲರಮ್ಮ ಸಹಜವಾಗಿಯೇ ಕೇಳಿದರು.

"ತಮಾಷೆಗೆ ಬಿಡಿ. ದನದ ಬಾನಿ ಅಂತಾರೆ, ಮುರಿದ ಮಂಚ ಅಂತಾರೆ." ಇಬ್ಬರೂ ನಕ್ಕರು. "ಯಾರಿದು ಒಳಗೆ? ಕೆಲಸದವನಾ?"

ಮೇಷ್ಟ್ರು ಹೊರಗಿದ್ದ ಕಾಲುಗಳನ್ನು ಅಲುಗಿಸದೆ ಇಟ್ಟುಕೊಂಡರು. ಮೇಲಿನ ಮುಚ್ಚಿಗೆಯ ಮೇಲೆ ಹೆಂಡತಿಯ ಅಂಗೈ ಒತ್ತಿದ ಸದ್ದು.

"ಹೂಂ. ಕೆಲಸಕ್ಕೆ ಬಂದೋರು."

ಸೈಕಲ್ ಶಾಪಿನವನಿಗೆ ಇನ್ನೂ ಹುರುಪು ಬಂತು. "ಆದ್ರೆ ಆ ಗಾಳಿಸವಾರಿ ಕಥೆ ಇದೆಯಲ್ಲ, ಅದನ್ನ ಮೇಷ್ಟ್ರು ಮಾಡಿ ತೋರಿಸಬೇಕು, ನೀವು ನೋಡಬೇಕು! ಕಣ್ಣು ಮುಚ್ಚಿಕೊಂಡು ಇದರೊಳಗೆ ಕೂತು, ಹೀಗೆ ಹೀಗೆ ಗಾಳೀಲೇ ಹುಟ್ಟು ಹಾಕ್ತೀರಂತೆ, ಮಧ್ಯೆ ಮಧ್ಯೆ ಯಾರಿಗೋ ಕೈ ಬೀಸ್ತೀರಂತೆ..."

ಅವನೂ ಅದನ್ನು ಮಾಡಿ ತೋರಿಸುತ್ತಿರಬೇಕು. ಕ್ಷೌರದಂಗಡಿಯವನ ನಗು ತಡೆಯಿಲ್ಲದೆ ಹೊರಟಿತು. ಟೈಲರಮ್ಮ ಪ್ಯಾಂಟು ಎಷ್ಟು ಗಿಡ್ಡವಾಗಬೇಕೆಂದಷ್ಟೇ ಕೇಳಿದರು.

ಒಳಗಿದ್ದ ಮೇಷ್ಟ್ರಿಗೆ ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈ ಮಡಚಲು ಜಾಗವಿರಲಿಲ್ಲ. ನಡೆದದ್ದು ನಿಜವಾಗಿತ್ತು. ಒಂದು ಸಂಜೆ ಊಟಕ್ಕೆ ಕರೆಯಲು ಬಂದವರು ಶೆಡ್ಡಿನ ಕಿಟಕಿಯಲ್ಲಿ ಅದನ್ನು ಕಂಡಿದ್ದರು. ನೆಲದ ಮೇಲಿದ್ದ ಅರೆಬರೆ ದೋಣಿಯಲ್ಲಿ ಕೂತ ಹೆಂಡತಿ, ಕೈಯಲ್ಲಿ ಪೊರಕೆಯ ಕೋಲು, ಮುಖದ ಮೇಲೆ ಮದುವೆಯಾದಾಗಿನಿಂದ ತಾವು ಎಂದೂ ನೋಡದಿದ್ದ ಒಂದು ಕಳೆ. ಅರೆಗಳಿಗೆ ಅವರ ಎದೆ ತುಂಬಿ ಬಂದಿತ್ತು. ಕರೆಯದೆ, ಹೆಜ್ಜೆ ಸಪ್ಪಳವಾಗದಂತೆ ಹಿಂದಿರುಗಿದ್ದರು. ಮರುದಿನ ಬೆಂಚಿನ ಮೇಲೆ ಮಾತಿಗೆ ಸರಕು ಸಾಲದೆ ಬಂದಾಗ ಅದನ್ನೇ ತೆಗೆದು ಹರಾಜಿಗಿಟ್ಟಿದ್ದರು. ಕೈ ಬೀಸಿದ್ದು ಮಾತ್ರ ಸುಳ್ಳು. ನಗು ಹೆಚ್ಚಲೆಂದು ತಾವೇ ಸೇರಿಸಿದ್ದು.

ಬಂದವರು ಹೋದರು. ಹೊರಗೆ ಬರಬೇಕು, ಬಂದರೆ ಮುಖ ತೋರಿಸಬೇಕು. ಮೇಷ್ಟ್ರು ಹಾಗೇ ಬಿದ್ದುಕೊಂಡರು.

ಟಕಟಕ ಎಂದು ಬಡಿದ ಸದ್ದಾಯಿತು. "ಮುಂದಿನ ತೂತು."

ಮೇಷ್ಟ್ರು ವಾಷರ್ ಏರಿಸಿದರು. ಅದು ಜಾರಿ ಕತ್ತಿನ ಹತ್ತಿರ ಬಿತ್ತು. ಹುಡುಕಿ ಮತ್ತೆ ಏರಿಸಿದರು. ಕೊನೆಯ ಕೊಂಡಿಯವರೆಗೂ ಟಕಟಕ ಸಾಗಿತು.

ಹೊರಬಂದಾಗ ಹೆಂಡತಿ ಹಗ್ಗ ಪೋಣಿಸುತ್ತಿದ್ದರು. ಮೇಷ್ಟ್ರು ಇನ್ನೊಂದು ತುದಿ ಹಿಡಿದು ಜಗ್ಗಿದರು. "ತಪ್ಪಾಯ್ತು ಕಣೆ" ಎಂದರು.

"ಯಾವುದು? ನೋಡಿದ್ದಾ, ಹೇಳಿದ್ದಾ?"

ಮೇಷ್ಟ್ರು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನೋಡಿದ್ದಕ್ಕೆ ಬೇಜಾರಿಲ್ಲ. ನಗು ಬಂದಿದ್ರೆ ಒಳಗೆ ಬಂದು ನನ್ನೆದುರೇ ನಕ್ಕಿದ್ರೆ ಆಗ್ತಿತ್ತು. ನಾನೂ ನಗ್ತಿದ್ದೆ." ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದರು. "ನಾನು ಯಾರಿಗೂ ಕೈ ಬೀಸಿರಲಿಲ್ಲ ರೀ."

"ಗೊತ್ತು" ಎಂದರು ಮೇಷ್ಟ್ರು.

ಮುಂದಿನ ಭಾನುವಾರ ಬೆಳಿಗ್ಗೆ ದೋಣಿಯನ್ನು ಕೆರೆಗೆ ಒಯ್ದರು. ಮುಂದಿನ ಹಿಡಿ ಟೈಲರಮ್ಮನ ಕೈಯಲ್ಲಿ, ಹಿಂದಿನದು ಮೇಷ್ಟ್ರ ಕೈಯಲ್ಲಿ. ಬಳಸುದಾರಿಯಲ್ಲಿ ಹೋಗೋಣವೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಮೇಷ್ಟ್ರು ನುಂಗಿಕೊಂಡರು. ಕ್ಷೌರದಂಗಡಿಯ ಮುಂದೆ ಎಂದಿನ ಮಂದಿಯೆಲ್ಲ ಇದ್ದರು.

"ಏನು ಮೇಷ್ಟ್ರೇ, ಹಡಗಿಗೆ ಆಳು ಸಿಕ್ಕಲಿಲ್ವಾ? ಅವತ್ತೊಬ್ಬ ಇದ್ನಲ್ಲ?" ಎಂದ ಅಂಗಡಿಯವನು.

ಮೇಷ್ಟ್ರು ನಿಂತರು. ಹಿಡಿ ಹಿಡಿದಿದ್ದರಿಂದ ಟೈಲರಮ್ಮನೂ ನಿಲ್ಲಬೇಕಾಯಿತು. "ಅವತ್ತು ಒಳಗಿದ್ದೋನು ನಾನೇ ಕಣಯ್ಯ. ನೀವು ಹೇಳಿದ್ದೆಲ್ಲ ಕೇಳಿಸ್ತು. ಅದರಲ್ಲಿ ನಿಮ್ಮ ತಪ್ಪಿಲ್ಲ, ಹೇಳಿಕೊಟ್ಟೋನು ನಾನು. ಕೈ ಬೀಸಿದ್ದು ಶುದ್ಧ ಸುಳ್ಳು. ಹೆಂಡತಿ ಮಾನ ಮಾರಿ ನಿಮ್ಮ ಹತ್ರ ಭೇಷ್ ಅನ್ನಿಸಿಕೊಂಡೆ."

ಯಾರೂ ನಗಲಿಲ್ಲ. ಅಂಗಡಿಯವನು ಕೈಲಿದ್ದ ಬಾಚಣಿಗೆಯನ್ನು ಸುಮ್ಮನೆ ಒರೆಸತೊಡಗಿದ. ಹೇಳಿದರೆ ಭಾರ ಇಳಿದೀತೆಂದು ಮೇಷ್ಟ್ರು ಎಣಿಸಿದ್ದರು. ಇಳಿಯಲಿಲ್ಲ. ನಡುಬೀದಿಯಲ್ಲಿ ಮತ್ತೊಮ್ಮೆ ಹೆಂಡತಿಯ ವಿಷಯವನ್ನೇ ಎತ್ತಿದಂತಾಯಿತೆಂದು ಆಮೇಲೆ ಹೊಳೆಯಿತು.

"ನಡೀರಿ, ಬಿಸಿಲೇರ್ತಿದೆ" ಎಂದರು ಟೈಲರಮ್ಮ, ತಿರುಗದೆ.

ಕೆರೆಯಲ್ಲಿ ದೋಣಿ ಒಂದಿಷ್ಟು ಹೊಯ್ದಾಡಿ ಹದಕ್ಕೆ ಬಂತು. ಟೈಲರಮ್ಮ ಬಲಕ್ಕೊಂದು ಎಡಕ್ಕೊಂದು ಹುಟ್ಟು ಹಾಕುತ್ತ ಹೋದರು. ಆಚೆ ದಡದ ಜೊಂಡಿನ ಹತ್ತಿರ ಸಣ್ಣ ಚುಕ್ಕೆಯಾಗಿ ಬಹಳ ಹೊತ್ತು ನಿಂತರು. ಮೇಷ್ಟ್ರು ಮೊಣಕಾಲವರೆಗೆ ನೀರಲ್ಲಿ ಕಾದರು. ಹಿಂದಿರುಗಿದಾಗ ಹೆಂಡತಿಯ ಮುಖ ಕೆಂಪೇರಿತ್ತು, ಕೂದಲು ಒದ್ದೆಯಾಗಿತ್ತು. ಹೇಗಿತ್ತು ಎಂದು ಕೇಳಲು ಬಾಯಿ ಬರಲಿಲ್ಲ. ಅವರಾಗಿ ಹೇಳಲೂ ಇಲ್ಲ.

ಸಂಜೆ ಟೈಲರಮ್ಮ ಅಡುಗೆಮನೆಯಲ್ಲಿ ತಂಗಿಗೆ ಫೋನು ಹಚ್ಚಿದರು. "ಅಯ್ಯೋ, ಏನು ಹೇಳಲಿ ಕಣೇ, ನೀರು ಕೆಳಗಡೆಯಿಂದ..." ಎಂಬಷ್ಟು ಗೋಡೆಯಾಚೆ ಕೇಳಿಸಿತು. ದನಿಯಲ್ಲಿ ಹುಡುಗಿಯೊಬ್ಬಳ ಸಡಗರ. ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರ ಪೆನ್ನು ನಿಂತಿತು. ಮುಂದಿನದನ್ನು ಕೇಳಬೇಕೆಂದು ಜೀವ ಹಾತೊರೆಯಿತು. ಆದರೆ ಅದು ತಮಗೆ ಹೇಳಿದ ಮಾತಲ್ಲ. ಅವರು ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಏನೂ ಕೇಳಿಸದಷ್ಟು ದೂರ ಹೋಗಿ ನಿಂತರು.