ಮೀಸಲು ಸಾಲು

ಚಿಕ್ಕಪ್ಪ ಮತ್ತೆ ಔಷಧಿ ಹೊಡೆದಿದ್ದರು.

ಅಜ್ಜೀಪುರದಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆ ಬದಿಯ ಅವರ ಸೇವಂತಿಗೆ ತೋಟದಲ್ಲಿ ನಾನು ಕೇಳಿದ್ದು ಒಂದೇ ಸಾಲು. ಅದಕ್ಕೆ ಬೂಷ್ಟು ಹಿಡಿಯಬೇಕಿತ್ತು. ಬೂಷ್ಟು ತಗುಲಿದಾಗ ಕೆಲವು ಗಿಡಗಳು ಅದನ್ನು ತಡೆಯುವ ರಾಸಾಯನಿಕವನ್ನು ಎಸಳಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಅದು ಯಾವುದೆಂದು ಹುಡುಕುವುದೇ ಮೈಸೂರಿನಲ್ಲಿ ನನ್ನ ಸಂಶೋಧನೆ. ಔಷಧಿ ಬಿದ್ದರೆ ಗಿಡಕ್ಕೆ ಹೋರಾಡುವ ಕೆಲಸವೇ ಇಲ್ಲ. ಈ ಹಂಗಾಮು ತಪ್ಪಿದರೆ ನನಗೆ ಒಂದು ವರ್ಷ ದಂಡ.

“ಎಷ್ಟು ಸಲ ಹೇಳೋದು ಚಿಕ್ಕಪ್ಪ?”

“ಬೆಟ್ಟಕ್ಕೋಗೋ ಬಸ್ನೋರೆಲ್ಲ ನೋಡ್ತಾರೆ ಮಗಾ. ಪುಟ್ಟಮಾದಪ್ಪನ್ ತೋಟ ಕೊಳೀತಾ ಅದೆ ಅಂದ್ರೆ ನನ್ ಮಾನ ಏನಾಗ್ಬೇಕು?”

“ಕೊಳೀಲಿ ಅಂತಲೇ ಬಿಟ್ಟಿರೋದು!”

“ಕೇಳ್ದಾ ಇವ್ಳ ಮಾತ?” ಎಂದರು ಚಿಕ್ಕಮ್ಮನ ಕಡೆ ತಿರುಗಿ. “ಗಿಡುಕ್ಕೆ ಕಾಯ್ಲೆ ಬರ್ಲಿ ಅಂತ ಕಾಯ್ತಾ ಕೂತವ್ಳೆ.”

ಸಾಲಿನ ಸುತ್ತ ಕೆಂಪು ಟೇಪು ಕಟ್ಟಿದೆ. ಚಿಕ್ಕಪ್ಪ ಟೇಪು ಒಂಚೂರೂ ಅಲುಗದಂತೆ ಔಷಧಿ ಹೊಡೆದರು. ಕೊನೆಗೆ ರೇಗಿ ಅಂದುಬಿಟ್ಟೆ: “ಆ ಸಾಲು ಬೆಟ್ಟದ ಮಾದಪ್ಪನಿಗೆ ಮೀಸಲು. ಯಾರೂ ಮುಟ್ಟಬೇಡಿ.”

ಅಂದಿನಿಂದ ಚಿಕ್ಕಪ್ಪ ಆ ಸಾಲಿನ ಬಳಿ ಚಪ್ಪಲಿ ಬಿಟ್ಟು ನಡೆದರು. ಹಳೆಯ ಔಷಧಿಯ ಪ್ರಭಾವ ಇಳಿಯಿತು, ಇಬ್ಬನಿ ಬಿತ್ತು, ಬೂಷ್ಟೂ ಬಂತು. ಹೂಗಳೆಲ್ಲ ಕಂದಿದವು, ನಡುವೆ ಕೆಲವೇ ಗಿಡಗಳು ಅಚ್ಚ ಹಳದಿಯಾಗಿ ನಿಂತವು. ನನಗೆ ಬೇಕಾದದ್ದು ಅವೇ. ಕತ್ತರಿ, ಐಸ್ ಡಬ್ಬಿ ಹಿಡಿದು ಓಡಿದೆ.

ಚಿಕ್ಕಮ್ಮ ಶಿವರತ್ನಮ್ಮ ಕೈ ಹಿಡಿದರು. “ಮೀಸ್ಲು ಊವ ಕತ್ತರ್ಸೀಯಾ?”

“ಮೀಸಲು ಅಂದವಳೇ ನಾನು ಚಿಕ್ಕಮ್ಮ. ಔಷಧಿ ಹೊಡೀಬಾರದು ಅಂತ ಸುಮ್ಮನೆ ಹೇಳಿದ್ದು.”

ಅವರು ಬೆಟ್ಟದ ದಿಕ್ಕಿಗೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡರು. “ಕೊಳ್ತಿರೋದ ಎಷ್ಟಾರ ತಕಂಡೋಗು. ಸ್ವಾಮಿಗೆ ಚೆಂದಾಗಿರೋ ಊವೇ ಓಗ್ಬೇಕು.”

“ನನಗೂ ಅದೇ ಬೇಕು!”

“ಅಂಗಾರೆ ಇಬ್ರುಗೂ ಒಂದೇ ಆಸೆ. ಅವ್ನು ದೊಡ್ಡೋನು, ನೀನು ಬುಟ್ಕೊಡು.”

ಸೋಮವಾರ ಚಿಕ್ಕಪ್ಪ ಹಳದಿ ಹೂಗಳನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು ಬೆಟ್ಟಕ್ಕೆ ಹೋದರು. ಬಂದವರು ಪ್ರಸಾದವೆಂದು ಒಂದು ಹೂ ನನ್ನ ಕೈಗಿಟ್ಟರು. ತೀರ್ಥದಲ್ಲಿ ತೊಯ್ದು, ಮೈತುಂಬ ವಿಭೂತಿ ಮೆತ್ತಿಕೊಂಡಿತ್ತು.

“ದೇವ್ರು ಒಪ್ಕಂಡಿರೋ ಊವ, ಇದ್ರಲ್ಲೇ ಪರೀಕ್ಷೆ ಮಾಡವ್ವ.”

ಪರೀಕ್ಷೆ ಮಾಡಿದರೆ ಕಾಣುವುದು ವಿಭೂತಿಯೇ. ತಲೆಗೆ ಮುಡಿದುಕೊಂಡೆ.

“ಗಿಡವಾದರೂ ನನ್ನದಾ?” ಎಂದು ಚಿಕ್ಕಮ್ಮನನ್ನು ಕೇಳಿದೆ.

“ಗಿಡ ಇಟ್ಕಂಡು ಅವ್ನೇನ್ ಮಾಡಾನು?”

ಆ ಕೆಲವೇ ಗಿಡಗಳ ಬುಡದ ಮರಿಗಳನ್ನು ಕಿತ್ತು ಕುಂಡಗಳಲ್ಲಿ ನೆಟ್ಟೆ. ಒಂದು ವರ್ಷ ದಂಡವಾಯಿತು, ಗಿಡವಾದರೂ ಉಳಿಯಿತು. ಮುಂದಿನ ಹೂ ಮೈಸೂರಿನಲ್ಲಿ, ಮಾನದ ಚಿಂತೆಯಿಲ್ಲದ ತಾರಸಿಯ ಮೇಲೆ ಅರಳಲಿ ಎಂದುಕೊಂಡೆ.

ಕುಂಡಗಳನ್ನು ಬಸ್ ನಿಲ್ದಾಣಕ್ಕೆ ಚಿಕ್ಕಪ್ಪನೇ ಹೊತ್ತು ತಂದರು. ಬಸ್ಸಿಗೆ ಏರಿಸುವಾಗ ನೋಡುತ್ತೇನೆ, ಎಲೆಗಳ ಮೇಲೆಲ್ಲ ಬಿಳಿ ಚುಕ್ಕೆ, ಅದೇ ಘಾಟು.

“ಚಿಕ್ಕಪ್ಪ!”

“ಮೀಸ್ಲು ಮುಗೀತಲ್ಲ ಮಗಾ. ದೂರದ್ ಪಯಣ ಅಂತ ವಸಿ ಒಡ್ದಿವ್ನಿ.”

ಬಸ್ಸು ಹೋಯಿತು. ನಾನು ನಲ್ಲಿಯ ಬಳಿ ಕೂತು ಒಂದೊಂದೇ ಎಲೆ ತೊಳೆದೆ. ಚಿಕ್ಕಪ್ಪ ಕುಂಡ ಹಿಡಿದುಕೊಂಡು, “ಈ ಎಲೆ ಬುಟ್ಬುಟ್ಟೆ ನೋಡು,” ಎನ್ನುತ್ತಿದ್ದರು.