ತೊಳೆದು ತಂದ ಬಾಟಲಿಗಳು

ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷವಾದರೂ ಅತ್ತೆ ಒಂದು ಪಾತ್ರೆಯನ್ನು ಮಾತ್ರ ನನ್ನ ಕೈಗೆ ಕೊಟ್ಟಿರಲಿಲ್ಲ. ತಾಮ್ರದ್ದು, ಎರಡು ಹಿಡಿ, ಮೇಲೊಂದು ಮುಚ್ಚಳ, ಇಪ್ಪತ್ತು ಜನಕ್ಕೆ ಅಡುಗೆಯಾಗುವಷ್ಟು ದೊಡ್ಡದು. ಅವರಮ್ಮ ಕೊಟ್ಟದ್ದು. ಅಡುಗೆಮನೆಯ ತೀರಾ ಮೇಲಿನ ಷೆಲ್ಫು ಪೂರ್ತಿ ಅದಕ್ಕೇ ಮೀಸಲು. ನೆಂಟರು ಬಂದ ದಿನ ಅತ್ತೆಯೇ ಸ್ಟೂಲು ಹತ್ತಿ ಇಳಿಸುತ್ತಿದ್ದರು, ಅತ್ತೆಯೇ ಉಜ್ಜುತ್ತಿದ್ದರು, ಅತ್ತೆಯೇ ಮತ್ತೆ ಮೇಲಿಡುತ್ತಿದ್ದರು. ಹೊಸದರಲ್ಲಿ ಒಮ್ಮೆ ಸಹಾಯ ಮಾಡೋಣವೆಂದು ನಾನು ಸ್ಟೂಲಿನ ಮೇಲೆ ಕಾಲಿಟ್ಟಾಗ, "ಬೇಡಮ್ಮ, ನಿನ್ನ ಕೈ ಸ್ವಲ್ಪ ಬಿರುಸು" ಅಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಮಾತನ್ನು ಹನ್ನೊಂದು ವರ್ಷ ಹೊಟ್ಟೆಯೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ನನ್ನ ಗಂಡ ಇದರಲ್ಲಿ ತಲೆ ಹಾಕಲಿಲ್ಲ. ಆತ ಜಾಣ.

ಕೈ ಬಿರುಸಿದ್ದಕ್ಕೋ ಏನೋ, ನಗರಸಭೆಯವರು ನನಗೆ ವಿಷದ ಗಾಡಿ ಕೊಟ್ಟರು. ಕಾಗದದ ಮೇಲೆ ಅದರ ಹೆಸರು 'ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹಣಾ ವಾಹನ'. ಅಷ್ಟು ಹೇಳಿ ಮುಗಿಸುವುದರೊಳಗೆ ಗಾಡಿ ಮುಂದಿನ ಬೀದಿ ದಾಟಿರುತ್ತದೆ. ಹಳೆಯ ಪೇಂಟು, ಥಿನ್ನರ್, ಜಿರಳೆ ಔಷಧಿ, ಇಲಿ ಪಾಷಾಣ, ಕಕ್ಕಸು ತೊಳೆಯುವ ಆ್ಯಸಿಡ್, ಬ್ಯಾಟರಿ ಸೆಲ್ಲು, ಒಡೆದ ಥರ್ಮಾಮೀಟರು, ಹೀಗೆ ಮನೆಯಲ್ಲಿ ಇಟ್ಟುಕೊಳ್ಳಲೂ ಆಗದ, ಕಸಕ್ಕೆ ಎಸೆಯಲೂ ಬಾರದ ಸಾಮಾನನ್ನೆಲ್ಲ ಜನರಿಂದ ತೆಗೆದುಕೊಂಡು, ತೂಗಿ, ಬೇರೆ ಬೇರೆ ಡ್ರಮ್ಮಿಗೆ ಹಾಕಿ ಒಯ್ಯುವುದು ಕೆಲಸ. ಅದಕ್ಕೆ ಮೊದಲು ಒಂಬತ್ತು ವರ್ಷ ನಾನು ಕಚೇರಿಯ ಕಿಟಕಿಯ ಹಿಂದೆ ಕೂತು ಅರ್ಜಿಗಳಿಗೆ ಮೊಹರು ಒತ್ತಿದವಳು. ಹಳದಿ ಟೋಪಿ ಹಾಕಿಕೊಂಡು, ಬಿಸಿಲಲ್ಲಿ, ಸ್ಟೀರಿಂಗ್ ಹಿಡಿದು ಹೊರಟ ಮೊದಲ ದಿನ ನಾನು ಒಬ್ಬಳೇ ಹಾಡಿಕೊಂಡೆ. ನನಗೆ ಹಾಡಲು ಬರುವುದಿಲ್ಲ.

ಆದರೆ ಎಂಜಿನಿಯರ್ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು. "ಮೂರು ಶನಿವಾರ ನೋಡ್ತೀವಿ. ಮೂರನೇ ಶನಿವಾರ ಸಂಜೆ ಐದರೊಳಗೆ ಆ ಒಂದೇ ದಿನದಲ್ಲಿ ಮುನ್ನೂರು ಕಿಲೋ ಆಗ್ಲಿಲ್ಲ ಅಂದ್ರೆ ಗಾಡಿ ವಾಪಸ್. ನೀವೂ ಕಿಟಕಿಗೆ ವಾಪಸ್."

ಮೊದಲನೆಯ ಶನಿವಾರ ಮೂವತ್ತೆಂಟು ಕಿಲೋ ಬಂತು. ಎರಡನೆಯ ಶನಿವಾರ ಅರವತ್ತೊಂದು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಗೊಣಗಿದೆ: ಜನ ಬರುವುದೇ ಇಲ್ಲ, ಬಂದರೂ ತರುವುದು ಜಿಗುಟು ಹಿಡಿದ, ಸೋರುವ ಡಬ್ಬಿ, ನನ್ನ ಕೈಯೆಲ್ಲ ನಾರುತ್ತದೆ, ಇನ್ನೊಂದು ವಾರ, ಆಮೇಲೆ ಮತ್ತೆ ಆ ಹಾಳು ಕಿಟಕಿ. ಅತ್ತೆ ನನ್ನ ತಟ್ಟೆಗೆ ಸಾರು ಬಡಿಸುತ್ತಾ ಕೇಳಿಸಿಕೊಂಡರು. ಮಾರನೆಯ ದಿನ ನನ್ನ ಚೀಲದಲ್ಲಿದ್ದ ಪ್ರಚಾರದ ಚೀಟಿಗಳ ಕಟ್ಟು ಮಾಯವಾಗಿತ್ತು. ಮೂರನೆಯ ಶನಿವಾರದ ಸರದಿ ನಮ್ಮದೇ ಬೀದಿಯದು. ವಾರವಿಡೀ ಮಧ್ಯಾಹ್ನದ ನಿದ್ದೆ ಬಿಟ್ಟು ಅತ್ತೆ ಮನೆಮನೆ ಹತ್ತಿ ಇಳಿದರೆಂದು ನನಗೆ ಆಮೇಲೆ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಬೀದಿಯ ಕೊನೆಯ ನೀರಿನ ಟ್ಯಾಂಕಿನ ಪಕ್ಕ ಗಾಡಿ ನಿಲ್ಲಿಸಿದರೆ, ಆಗಲೇ ಸಿನಿಮಾ ಟಿಕೆಟ್ಟಿಗೆ ನಿಂತ ಹಾಗೆ ಸಾಲು! ಮರದ ಕೆಳಗೆ ಮನೆಯಿಂದ ತಂದ ಮಡಚುವ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಸಾಲು ಅಂಕುಡೊಂಕಾದರೆ ಕೈಸನ್ನೆಯಲ್ಲೇ ಸರಿಮಾಡುತ್ತಿದ್ದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ತಕ್ಕಡಿಯ ಕೆಲಸದವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ತೂಕದಲ್ಲಿ ಒಂದು ಗ್ರಾಮನ್ನೂ ಬಿಡುವವರಲ್ಲವಾದ್ದರಿಂದ ಇಡೀ ಕಚೇರಿ ಅವರನ್ನು ಗ್ರಾಂ ಅಣ್ಣ ಅನ್ನುತ್ತದೆ. ಅವರು ಕನ್ನಡಕ ಒರೆಸಿಕೊಂಡು ಸಿದ್ಧರಾದರು.

ಮೊದಲು ಬಂದವರು ಲೆಕ್ಕದ ಮೇಷ್ಟ್ರು. ಚೀಲದಿಂದ ಫಿನಾಯಿಲಿನ ಐದು ಬಾಟಲಿ ತೆಗೆದು ಸಾಲಾಗಿ ಇಟ್ಟರು. ಪಳಪಳ ಹೊಳೆಯುತ್ತಿದ್ದವು. ಎತ್ತಿದೆ, ಹಗುರ.

"ಮೇಷ್ಟ್ರೇ, ಒಳಗೆ ಏನೂ ಇಲ್ವಲ್ಲ?"

"ಏನೂ ಇಲ್ಲ!" ಎಂದರು ಹೆಮ್ಮೆಯಿಂದ. "ಮೂರು ಸಲ ತೊಳೆದಿದ್ದೀನಿ."

ಅವರ ಹಿಂದೆ ಟೈಲರಮ್ಮ. ನಾಲ್ಕು ಡಬ್ಬಿ, ಬಿಸಿಲಿಗೆ ಹಿಡಿದರೆ ಮುಖ ಕಾಣುತ್ತಿತ್ತು. ಅವಳ ಹಿಂದಿನವಳು ಜಿರಳೆ ಔಷಧಿಯ ಬಾಟಲಿಯ ಕತ್ತಿಗೆ ರಿಬ್ಬನ್ ಕಟ್ಟಿ ತಂದಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಮೂವತ್ತೇಳು ಮನೆಯವರು ಬಂದರು, ಮೂವತ್ತೇಳು ಮನೆಯದೂ ಖಾಲಿ.

"ಹನ್ನೊಂದು ಕಿಲೋ ನಾನೂರು ಗ್ರಾಂ," ಎಂದರು ಗ್ರಾಂ ಅಣ್ಣ. ಆ ನಾನೂರು ಗ್ರಾಂ ಹೇಳದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ.

"ಇದನ್ನ ತೊಳೀರಿ ಅಂತ ಯಾರು ಹೇಳಿದ್ದು?" ಎಂದು ಕೂಗಿದೆ. ಇಡೀ ಸಾಲು ಮರದ ಕಡೆ ತಿರುಗಿತು.

"ನಾನೇ ಹೇಳಿದ್ದು," ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನಮ್ಮ ಸೊಸೆ ಬೆಳಗ್ಗೆಯಿಂದ ಸಂಜೆ ತನಕ ಅಲ್ಲಿ ನಿಂತಿರ್ತಾಳೆ, ಗಲೀಜು ಬಾಟಲಿ ಅವಳ ಕೈಗೆ ಕೊಡಬೇಡಿ, ಚೆನ್ನಾಗಿ ತೊಳೆದು ಕೊಡಿ ಅಂತ ಮನೆಮನೆಗೂ ಹೇಳಿ ಬಂದಿದ್ದೀನಿ."

ಆಗಲೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. "ಅತ್ತೆ! ನನಗೆ ಬೇಕಾಗಿದ್ದು ಬಾಟಲಿ ಅಲ್ಲ, ಅದರೊಳಗಿನ ವಿಷ! ಎಲ್ಲಾ ಕೆಡಿಸಿಟ್ರಲ್ಲ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಅತ್ತೆಯ ಮುಖ ಸಣ್ಣದಾಯಿತು. "ಚೀಟಿಯಲ್ಲಿ ಹಾಗೆ ಬರೆದಿರಲಿಲ್ಲವಲ್ಲಮ್ಮ," ಎಂದಷ್ಟೇ ಹೇಳಿ, ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ಹೊರಟರು. ನಾನು ಚೀಟಿ ತೆಗೆದು ನೋಡಿದೆ. 'ವಿಷದ ಗುರುತು ಇರುವ ಬಾಟಲಿ, ಡಬ್ಬಿಗಳನ್ನು ತಂದುಕೊಡಿ.' ಬರೆದವಳು ನಾನೇ.

ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಕಿಟಕಿ, ಮೊಹರು, ಆ ಕಿರುಗುಟ್ಟುವ ಕುರ್ಚಿ ಎಲ್ಲ ಕಣ್ಣ ಮುಂದೆ ಬಂದವು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. "ಮೇಷ್ಟ್ರೇ, ಅಷ್ಟೂ ವಿಷ ಚರಂಡಿಗೆ ಸುರಿದ್ರಾ?"

ಮೇಷ್ಟ್ರಿಗೆ ಅವಮಾನವೇ ಆಯಿತು. "ಚರಂಡಿಗಾ? ಎರಡನೇ ಸಾಲಲ್ಲಿ 'ಚರಂಡಿಗೆ ಸುರಿಯಬೇಡಿ' ಅಂತ ಬರೆದಿಲ್ವಾ? ಮೂವತ್ತೆರಡು ವರ್ಷ ಪಾಠ ಹೇಳಿದವನಮ್ಮ ನಾನು, ಓದೋಕೆ ಬರುತ್ತೆ."

"ಮತ್ತೆ ಎಲ್ಲಿ ಹೋಯ್ತು?"

"ಮನೇಲಿದೆ. ಬಕೆಟ್ಟಿನಲ್ಲಿ."

"ತೊಳೆದ ನೀರು?"

"ಅದೂ ಬಕೆಟ್ಟಿನಲ್ಲೇ. ಒಂದು ತೊಟ್ಟೂ ಹೊರಗೆ ಬಿಡಬೇಡಿ, ಒಂದನ್ನ ಇನ್ನೊಂದಕ್ಕೆ ಬೆರೆಸಬೇಡಿ ಅಂತ ನಿಮ್ಮತ್ತೆ ನಿಂತು ಹೇಳಿ ಹೋಗಿದ್ದಾರೆ. ನಮ್ಮ ಮನೇಲೀಗ ಸ್ನಾನಕ್ಕೆ ಬಕೆಟ್ಟೇ ಇಲ್ಲ."

"ನಮ್ಮದೂ ಹಾಗೇ," ಎಂದಳು ಟೈಲರಮ್ಮ. "ನಮ್ಮದೂ," ಎಂದಿತು ಸಾಲು.

ಅಂದರೆ ಇಡೀ ಬೀದಿ ವಿಷವನ್ನು ತನ್ನ ಮನೆಯ ಪಾತ್ರೆಪಗಡಕ್ಕೆ ಬಗ್ಗಿಸಿಕೊಂಡು, ಮೇಲೆ ಮುಚ್ಚಳ ಮುಚ್ಚಿ, ಖಾಲಿ ಬಾಟಲಿಯನ್ನು ಮಡಿ ಮಾಡಿ ನನಗೆ ತಂದುಕೊಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಗ್ರಾಂ ಅಣ್ಣನ ಮುಖ ನೋಡಿದೆ. ಅವರು ಆಗಲೇ ನಿಯಮದ ಪುಸ್ತಕ ತೆರೆದಿದ್ದರು.

"ಮೇಡಂ, ವಿಷ ಬೆರೆತ ನೀರೂ ವಿಷವೇ. ಅದೂ ನಾವೇ ತಗೋಬೇಕು, ತೂಕಕ್ಕೂ ಬರುತ್ತೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಒಂದೊಂದು ಬಾಟಲಿನೂ ಮೂರು ಮೂರು ಸಲ ತೊಳೆದಿದ್ದಾರೆ..."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನು ಎದ್ದು ನಿಂತೆ. "ಹೋಗಿ, ಎಲ್ಲಾ ತನ್ನಿ! ಮುಚ್ಚಳ ತೆಗೀಬೇಡಿ, ಓಡಬೇಡಿ, ಚೆಲ್ಲಬೇಡಿ!"

ಅಂಥ ಮೆರವಣಿಗೆಯನ್ನು ನಾನು ಮತ್ತೆ ನೋಡಲಾರೆ. ಬಕೆಟ್ಟು ಬಂತು, ಕೊಡ ಬಂತು, ಮಗುವಿನ ಸ್ನಾನದ ತೊಟ್ಟಿ ಬಂತು, ಹೂದಾನಿ ಬಂತು. ಮೇಷ್ಟ್ರು ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ ಬಕೆಟ್ಟನ್ನು ಎದೆಗೊತ್ತಿಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದರು. ಟೈಲರಮ್ಮನ ಕೈಯಲ್ಲಿ ನಾಲ್ಕಂತಸ್ತಿನ ಊಟದ ಕ್ಯಾರಿಯರ್. "ಮೇಲಿನದು ಪೇಂಟು, ಎರಡನೇದು ಜಿರಳೆ ಔಷಧಿ, ಮೂರನೇದು ಫಿನಾಯಿಲ್," ಎಂದು ಬಡಿಸುವವಳ ಹಾಗೆ ತೋರಿಸಿದಳು. "ಕೆಳಗಿನದು ನಮ್ಮ ಯಜಮಾನರು ತಲೆಗೆ ಹಚ್ಚೋ ಬಣ್ಣ. ಅವರಿಗೆ ಗೊತ್ತಿಲ್ಲ."

ಒಂದೇ ಕಷ್ಟ. ವಿಷ ಹಾಕಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಪಾತ್ರೆ ಸಮೇತ ಕೊಡಬೇಕು. ನಾನು ಅದನ್ನು ಹೇಳಿದಾಗ ಒಂದು ಕ್ಷಣ ಹಾಹಾಕಾರ ಎದ್ದಿತು. ಪಕ್ಕದ ಮನೆಯಾತ ಟೀ ಕೆಟಲ್ಲಿನ ಹಿಡಿ ಬಿಡಲೊಲ್ಲ. "ಇದು ನಮ್ಮ ಮನೇಲಿ ನನಗಿಂತ ಹಿರಿಯದು!" ಎಂದ.

"ಹಿರಿಯರಿಗೂ ನಿವೃತ್ತಿ ಬೇಡ್ವಾ? ಕೊಡ್ರೀ," ಎಂದು ಅವನ ಹೆಂಡತಿ ಬೆರಳು ಬಿಡಿಸಿದಳು. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಜನ ತಮ್ಮ ಪಾತ್ರೆಗಳಿಗೆ ಟಾಟಾ ಮಾಡುತ್ತಾ ತಕ್ಕಡಿಯ ಮೇಲಿಟ್ಟರು. ಐವತ್ತು, ನೂರಹತ್ತು, ನೂರತೊಂಬತ್ತು. ನಾನು ಬೆವರು ಒರೆಸಿಕೊಳ್ಳುವುದನ್ನೂ ಮರೆತೆ. ನಡುನಡುವೆ ಮರದ ಕೆಳಗಿನ ಖಾಲಿ ಜಾಗ ಕಣ್ಣಿಗೆ ಬಿದ್ದಾಗಲೆಲ್ಲ ಎದೆ ಚುರ್ ಅನ್ನುತ್ತಿತ್ತು. ಅಷ್ಟು ಕಷ್ಟಪಟ್ಟವರನ್ನು ಹತ್ತು ಜನರ ಮುಂದೆ ಬೈದಿದ್ದೆ.

ನಾಲ್ಕೂವರೆಗೆ ಸಾಲು ಮುಗಿಯಿತು. "ಇನ್ನೂರ ತೊಂಬತ್ತೊಂದು ಕಿಲೋ ಆರುನೂರು ಗ್ರಾಂ," ಎಂದರು ಗ್ರಾಂ ಅಣ್ಣ. ಅಷ್ಟರಲ್ಲಿ ಎಂಜಿನಿಯರ್ ಸಾಹೇಬರ ಜೀಪೂ ಬಂತು. ಎಂಟು ಕಿಲೋ ನಾನೂರು ಗ್ರಾಂ ಕಡಿಮೆ. ಜನ ಮನೆಗಳಿಗೆ ಓಡಿ ತಡಕಾಡಿದರು. ಒಬ್ಬರು ಟಾರ್ಚಿನಿಂದ ಎರಡು ಸೆಲ್ಲು ಕಿತ್ತು ತಂದರು, ಇನ್ನೊಬ್ಬಳು ಅರ್ಧ ಶೀಸೆ ಉಗುರುಬಣ್ಣ. ಗ್ರಾಂ ಅಣ್ಣ ಗಂಭೀರವಾಗಿ ತೂಗಿ, "ಇನ್ನೂರೈವತ್ತು ಗ್ರಾಂ" ಅಂದರು. ಸಾಹೇಬರು ಗಡಿಯಾರ ನೋಡಿಕೊಂಡರು. ನಾನೂ ನೋಡಿಕೊಂಡೆ. ನನಗೆ ಈ ಕೆಲಸ ಬೇಕಿತ್ತು. ಬೇರೆ ಯಾವುದನ್ನೂ ನಾನು ಇಷ್ಟು ಆಸೆಪಟ್ಟು ಮಾಡಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು. ಬೀದಿಯ ತಿರುವಿನಲ್ಲಿ ಅತ್ತೆ ಕಾಣಿಸಿದರು. ಎರಡೂ ಕೈಯಲ್ಲಿ ಏನೋ ಹೊತ್ತಿದ್ದಾರೆ, ಹತ್ತು ಹೆಜ್ಜೆಗೊಮ್ಮೆ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಬಿಸಿಲಿಗೆ ಅದು ಹೊಳೆದಾಗ ಗುರುತು ಸಿಕ್ಕಿತು. ತಾಮ್ರದ ಪಾತ್ರೆ. ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿತ್ತು.

ನಾನು ಓಡಿಹೋಗಿ ಕೈ ಚಾಚಿ, ಅಭ್ಯಾಸಬಲದಿಂದ ಹಿಂದಕ್ಕೆಳೆದುಕೊಂಡೆ.

"ಏನು ನೋಡ್ತಾ ನಿಂತಿದ್ದೀಯ?" ಎಂದರು ಅತ್ತೆ. "ಒಂದು ಕಡೆ ನೀನು ಹಿಡಿ."

ಹಿಡಿದೆ. ಇಬ್ಬರೂ ಸೇರಿ ತಕ್ಕಡಿಯ ಮೇಲಿಟ್ಟೆವು. ಒಳಗಿದ್ದದ್ದು ಗೆದ್ದಲಿಗೆ ಹೊಡೆಯುವ ಎಣ್ಣೆ ಮತ್ತು ಡಬ್ಬಿ ತೊಳೆದ ನೀರು. ಮಾವ ಬಡಗಿಯಾಗಿದ್ದರು, ಅವರು ಹೋದಮೇಲೆ ಎಂಟು ವರ್ಷ ಆ ಎರಡು ಡಬ್ಬಿ ನಮ್ಮ ಮೆಟ್ಟಿಲ ಕೆಳಗೇ ಇದ್ದವು. ಬೆಳಿಗ್ಗೆ ಬಂದ ರಾಶಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತಿದ್ದ ಡಬ್ಬಿಗಳು ಅವೇ ಎಂದು ನನಗೆ ಈಗ ತಿಳಿಯಿತು.

"ಹದಿನಾಲ್ಕು ಕಿಲೋ ಇನ್ನೂರು ಗ್ರಾಂ!" ಗ್ರಾಂ ಅಣ್ಣನ ದನಿ ಒಡೆಯಿತು. "ಒಟ್ಟು ಮುನ್ನೂರಾರು ಕಿಲೋ ಐವತ್ತು ಗ್ರಾಂ!"

ಬೀದಿ ಹೋ ಎಂದು ಕೂಗಿತು. ಮೇಷ್ಟ್ರು ಟೈಲರಮ್ಮನ ಯಜಮಾನರನ್ನು ತಬ್ಬಿಕೊಂಡರು. ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿದೆ. "ಒಳಗಿನದಷ್ಟೇ ಸಾಕು ಅತ್ತೆ, ಮುನ್ನೂರು ದಾಟುತ್ತೆ. ಪಾತ್ರೆನ..."

"ಮಧ್ಯಾಹ್ನ ಪಕ್ಕದ ಮನೆಯವರ ಕೆಟಲ್ ಬಿಟ್ಟೆಯಾ?"

"ಇಲ್ಲ."

"ಮತ್ತೆ ನನ್ನದ್ಯಾಕೆ ಬಿಡ್ತೀಯ? ಊರವರೆಲ್ಲ ನೋಡ್ತಿದ್ದಾರೆ. ಸುಮ್ನೆ ತಗೋ."

"ಬಕೆಟ್ ಇರಲಿಲ್ವಾ ಅತ್ತೆ? ಹೋಗಿ ಹೋಗಿ ಇದಕ್ಕೆ ಯಾಕೆ ಹಾಕಿದ್ರಿ?"

"ಬಕೆಟ್ಟಿನ ತಳ ಬಿರುಕು ಬಿಟ್ಟಿದೆ. ನಿನ್ನ ಕೆಲಸದ ಸಾಮಾನು ಕಣೇ ಅದು, ಸೋರಿ ಹೋದ್ರೆ? ಮನೇಲಿ ಗಟ್ಟಿಯಾಗಿರೋದು ಇದೊಂದೇ." ಸೆರಗಿನಿಂದ ಮುಖ ಒರೆಸಿಕೊಂಡರು. "ಆಮೇಲೆ ಉಜ್ಜಿ ಮೇಲಿಡಬಹುದು ಅಂದ್ಕೊಂಡಿದ್ದೆ. ಪಾತ್ರೆನೂ ಕೊಡಬೇಕು ಅಂತ ಪಕ್ಕದ ಮನೆಯವಳು ಬಂದು ಹೇಳಿದ ಮೇಲೆ ಎರಡು ಗಂಟೆ ಅದರ ಮುಂದೆ ಕೂತಿದ್ದೆ. ಮನಸ್ಸು ಬರಲಿಲ್ಲ. ಆಮೇಲೆ ನೀನು ಕಿಟಕಿ ಹಿಂದೆ ಕೂತಿರ್ತಿದ್ದ ಮುಖ ನೆನಪಾಯ್ತು."

ನನಗೆ ತಡೆದುಕೊಳ್ಳಲಾಗಲಿಲ್ಲ. ಎಲ್ಲರ ಮುಂದೆ ಬೈದವಳು ಎಲ್ಲರ ಮುಂದೆಯೇ ಅವರನ್ನು ಬಿಗಿದಪ್ಪಿ ಅತ್ತುಬಿಟ್ಟೆ. "ದೂರ ನಿಲ್ಲೇ, ಮೈಯೆಲ್ಲ ಫಿನಾಯಿಲ್ ವಾಸನೆ," ಎಂದರು. ಆದರೆ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ಎಂಜಿನಿಯರ್ ಸಾಹೇಬರು ರುಜು ಹಾಕಿ, ಮುಂದಿನ ಸಲದ ಚೀಟಿಯನ್ನು ದಯವಿಟ್ಟು ಈ ಹಿರಿಯರಿಗೆ ತೋರಿಸಿಯೇ ಅಚ್ಚಿಗೆ ಕೊಡಿ ಎಂದರು.

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಟೋಪಿ ಕಾಣಲಿಲ್ಲ. ಮನೆಯೆಲ್ಲ ಹುಡುಕಿ, ಕೂಗಾಡುತ್ತಾ ಅಡುಗೆಮನೆಗೆ ನುಗ್ಗಿದೆ. ಮೇಲಿನ ಷೆಲ್ಫಿನಲ್ಲಿ, ಪಾತ್ರೆ ಕೂರುತ್ತಿದ್ದ ಜಾಗದಲ್ಲಿ, ನನ್ನ ಹಳದಿ ಟೋಪಿ ಕೂತಿತ್ತು. ತೊಳೆದು, ಒಣಗಿಸಿ, ಇಸ್ತ್ರಿ ಬೇರೆ ಮಾಡಿತ್ತು.

"ಅತ್ತೆ, ಇದನ್ನೂ ತೊಳೆದ್ರಾ?"

"ಇದನ್ನ ತೊಳೀಬೇಡಿ ಅಂತ ಚೀಟಿಯಲ್ಲಿಲ್ಲ," ಎಂದರು ಅವರು, ಒಲೆಯಿಂದ ತಿರುಗದೆಯೇ. "ಸ್ಟೂಲು ಅಲ್ಲೇ ಇದೆ ನೋಡು. ನೀನೇ ಹತ್ತಿ ತಗೋ."

ನಾನು ಸ್ಟೂಲು ಹತ್ತಿದೆ.